ಶವರ್ ಕೆಟ್ಟಿಲ್ಲ, ಕಟ್ಟಿದೆ

ನಮ್ಮ ಮನೆಯ ಶವರ್‌ನಲ್ಲಿ ತೊಂಬತ್ತು ತೂತುಗಳಿವೆ. ಬೇಸಿಗೆಯ ಒಂದು ಬೆಳಿಗ್ಗೆ, ತಲೆಗೆ ಹಚ್ಚಿಕೊಂಡ ಸೀಗೆಪುಡಿ ಎಷ್ಟು ಹೊತ್ತಾದರೂ ಹೋಗದೆ ಸಿಟ್ಟು ಬಂದು ಎಣಿಸಿದಾಗ, ನೀರು ಬರುತ್ತಿದ್ದದ್ದು ಮೂವತ್ತೊಂದರಿಂದ. ಅವುಗಳಲ್ಲಿಯೂ ನಾಲ್ಕು ಗೋಡೆಗೆ ಅಭಿಷೇಕ ಮಾಡುತ್ತಿದ್ದವು, ಎರಡು ಬಾಗಿಲ ಹಿಂದೆ ನೇತುಹಾಕಿದ್ದ ಟವೆಲನ್ನು ಹುಡುಕಿಕೊಂಡು ಹೋಗುತ್ತಿದ್ದವು. ನಲ್ಲಿ ರಿಪೇರಿಯವರು ಬಂದು, ಕೆಳಗಿನಿಂದಲೇ ಒಮ್ಮೆ ಕತ್ತೆತ್ತಿ ನೋಡಿ, "ಇದು ಹೋಯಿತು ಸರ್, ಹೊಸದು ಹಾಕಿಸಿಬಿಡಿ" ಎಂದರು. ಆ ಶವರ್ ಇವತ್ತಿಗೂ ಅಲ್ಲೇ ಇದೆ. ಎಂಬತ್ತೆಂಟು ತೂತುಗಳಲ್ಲಿ ನೀರು ನೆಟ್ಟಗೆ ಬೀಳುತ್ತದೆ. ಉಳಿದೆರಡನ್ನು ಕೆಡಿಸಿದವನು ನಾನೇ. ಅದರ ಕಥೆ ಮುಂದೆ ಬರುತ್ತದೆ.

ನಾವಿರುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ. ಕೊಳವೆಬಾವಿಯ ನೀರು, ಅದು ಸೋತಾಗ ಟ್ಯಾಂಕರ್ ನೀರು, ಕಾವೇರಿ ಬಂದ ದಿನ ಕಾವೇರಿ ನೀರು. ಮೂರೂ ನೆಲದಡಿಯ ಒಂದೇ ತೊಟ್ಟಿಗೆ, ಅಂದರೆ ಸಂಪಿನೊಳಗೆ, ಬೀಳುತ್ತವೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರದ ಹೊರವಲಯದ 110 ಹಳ್ಳಿಗಳ ಕಡೆಗೆ ನದಿಯ ನೀರು ಹರಿಯತೊಡಗಿದರೂ, ಹೀಗೆ ಬೆರಕೆ ನೀರಿನಲ್ಲಿಯೇ ಮೀಯುವ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಆಳದ ಬಂಡೆಗಳ ನಡುವಿನಿಂದ ಬರುವ ಈ ನೀರನ್ನು ಪುಸ್ತಕದಲ್ಲಿ ಗಡಸು ನೀರು ಎನ್ನುತ್ತಾರೆ, ಬೀದಿಯಲ್ಲಿ ಉಪ್ಪು ನೀರು ಎನ್ನುತ್ತಾರೆ. ಇದರಲ್ಲಿ ಸೋಪು ನೊರೆ ಬರುವುದಿಲ್ಲ. ತೊಗರಿಬೇಳೆಯಂತೂ ಎಷ್ಟು ಸೀಟಿ ಕೂಗಿಸಿದರೂ ಕಾಳಾಗಿಯೇ ಉಳಿಯುತ್ತದೆ. ಬೇಳೆ ಬೇಯದ ನೀರು ಬರುವ ಮನೆಯಲ್ಲಿ ಶವರ್ ಕಟ್ಟದೆ ಇರುವುದಿಲ್ಲ.

ಕಟ್ಟುವುದು ಏನು? ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೀರು ಬಿಸಿಯಾದಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಆಗ ಕರಗಿದ್ದ ಕ್ಯಾಲ್ಸಿಯಂ, ಕಾರ್ಬೊನೇಟ್ ಆಗಿ ಗಟ್ಟಿಯಾಗಿ ಕೂರುತ್ತದೆ. ಸುಣ್ಣದಕಲ್ಲು ಕೂಡ ಇದೇ ವಸ್ತು, ಹಾಗಾಗಿ ಮುಂದೆ ಇದನ್ನು ಸುಣ್ಣ ಎಂದೇ ಕರೆಯುತ್ತೇನೆ. ಹಳೆಯ ಮನೆಗಳ ಬಚ್ಚಲಿನ ಹಂಡೆಯೊಳಗೆ ಬೆರಳು ದಪ್ಪದ ಬಿಳಿ ಪದರ ಕಟ್ಟುತ್ತಿತ್ತಲ್ಲ, ಅದೇ ಈಗ ಗೀಸರ್‌ನೊಳಗೆ, ಸೋಲಾರ್ ಟ್ಯಾಂಕಿನೊಳಗೆ, ಶವರ್‌ನ ತೂತಿನಲ್ಲಿ ಕಟ್ಟುತ್ತದೆ. ಹಂಡೆಗೆ ಬಾಯಿ ದೊಡ್ಡದು, ಕಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಶವರ್‌ನ ತೂತು ಸಾಸಿವೆ ಕಾಳಿಗಿಂತ ಚಿಕ್ಕದು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ (ಐಎಸ್ 10500, 2012) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ನೀರು ನಡುವೆ, 400ರಲ್ಲಿ ಇದೆ ಎಂದುಕೊಳ್ಳಿ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರಿನಲ್ಲಿ 8 ಗ್ರಾಂ ಸುಣ್ಣಕ್ಕೆ ಸಮನಾದ ಖನಿಜ ಕರಗಿರುತ್ತದೆ. ಅದರಲ್ಲಿ ಬಹುಪಾಲು ಚರಂಡಿಗೆ ಹರಿದುಹೋಗುತ್ತದೆ. ನಲ್ಲಿ ನಿಲ್ಲಿಸಿದ ಮೇಲೆ ಶವರ್‌ನೊಳಗೆ ಉಳಿದು ಒಣಗುವ ನೀರು ಮಾತ್ರ ತನ್ನ ಪಾಲಿನ ಸುಣ್ಣವನ್ನು ಅಲ್ಲೇ ಬಿಟ್ಟು ಆವಿಯಾಗುತ್ತದೆ. ದಿನಕ್ಕೆ ನಾಲ್ಕು ಜನ ಮಿಂದರೆ ನಾಲ್ಕು ಪದರ.

ಮೊದಲು ತಪ್ಪು ಯಾರದೆಂದು ನೋಡಿ

ಶವರ್‌ನಲ್ಲಿ ನೀರು ಕಡಿಮೆ ಬಂದರೆ ಶವರ್‌ನದೇ ತಪ್ಪು ಎಂದು ತೀರ್ಮಾನಿಸಬೇಡಿ. ಬಿಚ್ಚುವ ಮೊದಲು ತಣ್ಣೀರನ್ನು ಮಾತ್ರ ಬಿಟ್ಟು ನೋಡಿ, ಆಮೇಲೆ ಬಿಸಿನೀರನ್ನು ಮಾತ್ರ ಬಿಟ್ಟು ನೋಡಿ. ತಣ್ಣೀರು ಜೋರಾಗಿ ಬಂದು ಬಿಸಿನೀರು ಸೊರಗಿದ್ದರೆ ಗೀಸರ್, ಸೋಲಾರ್ ಅಥವಾ ಅವುಗಳಿಂದ ಬರುವ ಕೊಳವೆ ಕಟ್ಟಿದೆ, ಶವರ್ ನಿರಪರಾಧಿ. ಎರಡೂ ಸೊರಗಿದ್ದರೆ ಶವರನ್ನು ಬಿಚ್ಚಿ, ಬರಿಯ ಕೊಳವೆಯಿಂದ ಬಕೆಟ್‌ಗೆ ಒಂದು ನಿಮಿಷ ನೀರು ಬಿಡಿ. ಮೊಬೈಲ್‌ನಲ್ಲಿ ಸಮಯ ನೋಡಿಕೊಂಡು, ಬಿದ್ದ ನೀರನ್ನು ಲೀಟರ್ ಜಗ್ಗಿನಲ್ಲಿ ಅಳೆಯಿರಿ. ಶವರ್ ಹಾಕಿ ಮತ್ತೊಮ್ಮೆ ಅಳೆಯಿರಿ. ನಮ್ಮಲ್ಲಿ ಬರಿಯ ಕೊಳವೆಯಿಂದ ಹನ್ನೊಂದು ಲೀಟರ್ ಬಂತು, ಶವರ್ ಹಾಕಿದಾಗ ಮೂರೂವರೆ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಬರಿಯ ಕೊಳವೆಯಿಂದಲೂ ಸಣ್ಣ ಧಾರೆಯೇ ಬಂದರೆ ತಾರಸಿಯ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ನೋಡಿ. ನೀರಿನ ಮಟ್ಟ ಶವರ್‌ಗಿಂತ ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ, ಟ್ಯಾಂಕ್ ಮೂರು ಮೀಟರ್ ಮೇಲಿದ್ದರೆ, 0.3 ಬಾರ್. ಅಂಗಡಿಯಲ್ಲಿ ಥಳಥಳ ಹೊಳೆಯುವ ತಟ್ಟೆಯಗಲದ ಮಳೆ ಶವರ್‌ಗಳಲ್ಲಿ ಹಲವಕ್ಕೆ ಇದರ ಎರಡು ಮೂರು ಪಟ್ಟು ಒತ್ತಡ ಬೇಕು. ಅಂಥದ್ದನ್ನು ಇಂಥ ಮನೆಗೆ ಹಾಕಿಸಿದರೆ ಎಷ್ಟು ತೊಳೆದರೂ ಮಳೆ ಬರುವುದಿಲ್ಲ, ಸೋನೆ ಹನಿ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಬೇಕಾದ ಒತ್ತಡವನ್ನು ಬರೆದಿರುತ್ತಾರೆ. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಅದನ್ನು ಓದಬೇಕು.

ಕಟ್ಟಿರುವ ಕೊಳೆಯ ಬಣ್ಣವೂ ಒಂದು ಸುಳಿವು. ಬಿಳಿಯಾಗಿ, ಉಗುರಿನಿಂದ ಕೆರೆದರೆ ಪುಡಿ ಉದುರಿದರೆ ಸುಣ್ಣ. ಕಂದು ಅಥವಾ ಇಟ್ಟಿಗೆ ಬಣ್ಣವಾದರೆ ಕಬ್ಬಿಣ. ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಕೊಳವೆಬಾವಿಗಳಲ್ಲಿ ಬೇಳೆ ಚೆನ್ನಾಗಿಯೇ ಬೇಯುತ್ತದೆ, ಆದರೆ ಬಿಳಿ ಪಂಚೆ ಕೆಂಪಾಗುತ್ತದೆ, ಇದೇ ಕಾರಣಕ್ಕೆ. ಬೆರಳಿಗೆ ಗರಗರ ಎನ್ನುವ ಕಾಳು ಸಿಕ್ಕರೆ ಮರಳು. ಟ್ಯಾಂಕರ್ ಅಥವಾ ತೊಳೆಯದ ಸಂಪಿನ ಕೊಡುಗೆ. ಕಪ್ಪಾಗಿ ಲೋಳೆಯಂತಿದ್ದರೆ ಬೂಸ್ಟು ಮತ್ತು ಸೂಕ್ಷ್ಮಜೀವಿಗಳ ಪದರ. ಸುಣ್ಣಕ್ಕೂ ಕಬ್ಬಿಣಕ್ಕೂ ಹುಳಿ ಬೇಕು, ಮರಳಿಗೆ ನೀರಿನ ರಭಸ ಸಾಕು, ಲೋಳೆಗೆ ಸೋಪು ಮತ್ತು ಬ್ರಷ್.

ಯಾವ ಹುಳಿ?

ನೀರು ತುಂಬುವ ಹಬ್ಬದ ದಿನ, ನರಕ ಚತುರ್ದಶಿಯ ಹಿಂದಿನ ಸಂಜೆ, ಅಜ್ಜಿ ತಾಮ್ರದ ಹಂಡೆಗೆ ಹುಣಸೆಹಣ್ಣು ಮೆತ್ತಿ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ನಾವು ಮಕ್ಕಳು ಆಗಲೇ ತಿಕ್ಕಲು ಹೊರಟರೆ, "ಅವಸರ ಮಾಡಬೇಡಿ, ಹುಳಿ ಹಿಡಿಯಲಿ" ಎನ್ನುತ್ತಿದ್ದರು. ಶವರ್ ತೊಳೆಯುವವರಿಗೂ ನಾನು ಹೇಳಬೇಕಾದದ್ದು ಇದಿಷ್ಟೇ. ಕೆಲಸ ಮಾಡುವುದು ಹುಳಿ ಮತ್ತು ಹೊತ್ತು, ನಿಮ್ಮ ರಟ್ಟೆಯಲ್ಲ.

ಹಾಗೆಂದು ಶವರ್‌ಗೆ ಹುಣಸೆಹಣ್ಣು ಹಾಕಬೇಡಿ. ಅದರ ನಾರು ತೂತಿಗೆ ಹೊಕ್ಕರೆ ಸುಣ್ಣಕ್ಕಿಂತ ದೊಡ್ಡ ತಲೆನೋವು. ನಿಂಬೆರಸವೂ ಅಷ್ಟೇ, ಸೋಸದಿದ್ದರೆ ತಿರುಳು ಸಿಕ್ಕಿಕೊಳ್ಳುತ್ತದೆ. ಮೇಲಾಗಿ ಒಂದು ಬಟ್ಟಲು ರಸಕ್ಕೆ ಎಷ್ಟು ನಿಂಬೆಹಣ್ಣು ಬೇಕು ಲೆಕ್ಕ ಹಾಕಿ. ನಮ್ಮ ಮನೆಯಲ್ಲಿ ಬಳಸುವುದು ಎರಡು ವಸ್ತು: ಬಿಳಿ ವಿನೆಗರ್, ಇಲ್ಲವೇ ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು.

ಅಡುಗೆಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಶೇಕಡಾ 4ರಿಂದ 5ರಷ್ಟಿರುತ್ತದೆ. ಒಂದು ಗ್ರಾಂ ಸುಣ್ಣದ ಪದರವನ್ನು ಕರಗಿಸಲು ಲೆಕ್ಕದ ಪ್ರಕಾರ ಅದರ ಸುಮಾರು 24ರಿಂದ 30 ಮಿಲಿಲೀಟರ್ ಸಾಕು. ಸಾಧಾರಣ ಗಾತ್ರದ ಶವರ್‌ಗೆ ಕಾಲು ಲೀಟರ್ ಧಾರಾಳ. ನೀರು ಬೆರೆಸಬೇಕೆಂದರೆ ಅರ್ಧಕ್ಕರ್ಧ ಬೆರೆಸಬಹುದು; ಕೆಲಸ ನಿಧಾನವಾಗುತ್ತದೆ ಅಷ್ಟೇ. ಮಿತಿ ಇರುವುದು ವಾಸನೆಯದು. ಮನೆಯವರು ಮೂಗು ಮುಚ್ಚಿಕೊಂಡು ಓಡಾಡುವುದು ಬೇಡವೆಂದರೆ ನಿಂಬೆ ಉಪ್ಪು ಮೇಲು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡರಿಂದ ಮೂರು ದೊಡ್ಡ ಚಮಚ ಹಾಕಿ ಕರಗಿಸಿ. ಕುದಿಯುವ ನೀರು ಹಾಕಿದರೆ ಬೇಗ ಆಗುತ್ತದೆ ಎಂದು ಅನ್ನಿಸುತ್ತದೆ, ಆದರೆ ಹಾಗೆ ಮಾಡಬೇಡಿ. ಸುಣ್ಣ ಮತ್ತು ನಿಂಬೆ ಉಪ್ಪು ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ತಣ್ಣಗಿನ ನೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ. ಒಂದು ಬಿಳಿ ಪದರ ಹೋಗಿ ಇನ್ನೊಂದು ಬಿಳಿ ಪುಡಿ ಕೂರುತ್ತದೆ. ಕುದಿ ನೀರಿಗೆ ಪ್ಲಾಸ್ಟಿಕ್ ಭಾಗಗಳು ಸೊಟ್ಟಗಾಗುವುದು ಬೇರೆ. ಕಬ್ಬಿಣದ ಕಂದು ಕಲೆಗೂ ವಿನೆಗರ್‌ಗಿಂತ ನಿಂಬೆ ಉಪ್ಪೇ ಒಳ್ಳೆಯದು.

ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಬುಸ್ಸೆಂದು ನೊರೆ ಉಕ್ಕಿಸುವ ವಿಡಿಯೊಗಳನ್ನು ನೀವು ನೋಡಿರುತ್ತೀರಿ. ನೋಡಲು ಚೆಂದ. ಆದರೆ ಹುಳಿಯನ್ನು ಸೋಡಾ ಕೊಂದುಹಾಕುತ್ತದೆ. ನೊರೆ ಇಳಿದ ಮೇಲೆ ಉಳಿಯುವುದು ಸುಣ್ಣಕ್ಕೆ ಏನೂ ಮಾಡಲಾಗದ ಉಪ್ಪು ನೀರು. ಸೋಡಾ ಇಡ್ಲಿ ಹಿಟ್ಟಿಗೆ ಇರಲಿ.

ಬಿಚ್ಚದೆ ತೊಳೆಯುವ ಬಗೆ

ಬಾಡಿಗೆ ಮನೆಯಲ್ಲಿರುವವರಿಗೆ, ಸ್ಪ್ಯಾನರ್ ಹಿಡಿಯಲು ಧೈರ್ಯ ಸಾಲದವರಿಗೆ, ಕೊಳವೆ ತುಕ್ಕು ಹಿಡಿದು ಮುಟ್ಟಿದರೆ ಮುರಿಯುವಂತಿರುವ ಮನೆಗೆ ಇದು ಸರಿ. ಒಂದು ಲೀಟರಿನ ಹಾಲಿನ ಕವರ್ ತೊಳೆದು ಇಟ್ಟುಕೊಳ್ಳಿ. ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕಿಂತ ಅದು ದಪ್ಪ, ತೂತು ಬೀಳುವುದಿಲ್ಲ. ಶವರ್ ಅದರೊಳಗೆ ಹಿಡಿಸದಷ್ಟು ದೊಡ್ಡದಿದ್ದರೆ ಬೇರೆ ಗಟ್ಟಿ ಚೀಲ ಹುಡುಕಿ. ಮುಕ್ಕಾಲು ಪಾಲಿಗಿಂತ ಕಡಿಮೆ ವಿನೆಗರ್ ತುಂಬಿ, ಶವರ್‌ನ ಮುಖ ಪೂರ್ತಿ ಮುಳುಗುವಂತೆ ಕೆಳಗಿನಿಂದ ಏರಿಸಿ, ಬಾಯನ್ನು ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ರಬ್ಬರ್ ಬ್ಯಾಂಡ್ ಒಂದನ್ನೇ ನಂಬಬೇಡಿ. ಮೇಲಿನ ಕೊಳವೆಗೆ ದಾರವನ್ನೂ ಕಟ್ಟಿ. ನನ್ನ ಮೊದಲ ಪ್ರಯತ್ನದಲ್ಲಿ ಅರ್ಧ ಗಂಟೆಯ ನಂತರ ಚೀಲ ಜಾರಿ ಬಿದ್ದು, ಬಚ್ಚಲುಮನೆ ಎರಡು ದಿನ ಉಪ್ಪಿನಕಾಯಿ ಭರಣಿಯಂತೆ ನಾರುತ್ತಿತ್ತು. ನೆಲಕ್ಕೆ ಅಮೃತಶಿಲೆ ಹಾಸಿದ್ದರೆ ಕೆಳಗೊಂದು ಬಕೆಟ್ ಇಡಲೇಬೇಕು. ಅಮೃತಶಿಲೆಯೂ ಸುಣ್ಣದ ಬಂಧುವೇ. ವಿನೆಗರ್ ಬಿದ್ದ ಜಾಗ ಹೊಳಪು ಕಳೆದುಕೊಳ್ಳುತ್ತದೆ.

ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು ಚೀಲ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮುಖವನ್ನು ಉಜ್ಜಿ, ನೀರನ್ನು ಪೂರ್ತಿ ತೆರೆದು ಎರಡು ನಿಮಿಷ ಹರಿಯಬಿಡಿ. ಬಿಳಿ ಚೂರುಗಳು ಉದುರುವುದು ಕಾಣುತ್ತದೆ. ಇದು ಮೇಲ್ಮುಖದ ಮದ್ದು ಎಂಬುದು ನೆನಪಿರಲಿ. ಒಳಗೆ ಜಾಲರಿಯಲ್ಲಿ ಸಿಕ್ಕಿಕೊಂಡಿರುವ ಮರಳು, ಸೋಲಾರ್‌ನಿಂದ ಕಳಚಿ ಬಂದ ಸುಣ್ಣದ ಹೆಕ್ಕಳೆ, ಇವು ಹೀಗೆ ಹೋಗುವುದಿಲ್ಲ. ಅದಕ್ಕೆ ಬಿಚ್ಚಬೇಕು.

ಬಿಚ್ಚಿ ತೊಳೆಯುವ ಬಗೆ

ಬೇಕಾದದ್ದು ಒಂದು ಹೊಂದಿಸುವ ಸ್ಪ್ಯಾನರ್, ದಪ್ಪ ಬಟ್ಟೆಯ ತುಂಡು, ಸೋರಿಕೆ ತಡೆಯುವ ಟೆಫ್ಲಾನ್ ಟೇಪ್, ಹಳೆಯ ಬ್ರಷ್, ಗಟ್ಟಿಯಾಗಿ ನಿಲ್ಲುವ ಸ್ಟೂಲ್. ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಲ್ಲುವ ಸಾಹಸ ಬೇಡ. ಗೀಸರ್‌ನ ಸ್ವಿಚ್ ಆರಿಸಿ. ಶವರ್‌ನ ನಲ್ಲಿ ಮುಚ್ಚಿದ್ದರೆ ಸಾಕಾಗುತ್ತದೆ. ಅದು ಸೋರುವ ನಲ್ಲಿಯಾದರೆ ಆ ಬಚ್ಚಲುಮನೆಯ ವಾಲ್ವನ್ನೂ ಮುಚ್ಚಿ. ಎಲ್ಲಕ್ಕಿಂತ ಮೊದಲು ನೆಲದಲ್ಲಿ ನೀರು ಹೋಗುವ ಜಾಲಿಯ ಮೇಲೆ ಒಂದು ಬಟ್ಟೆ ಹಾಸಿ. ಬಿಚ್ಚುವಾಗ ಬೀಳುವ ವಾಷರ್ ನೇರವಾಗಿ ಆ ಜಾಲಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಯಾಕೋ ಗೊತ್ತಿಲ್ಲ, ತಪ್ಪಿದ್ದೇ ಇಲ್ಲ.

ಶವರ್ ಕೂರುವ ನಟ್ಟಿಗೆ ಬಟ್ಟೆ ಸುತ್ತಿ. ಕೆಳಗೆ ನಿಂತು ಮೇಲೆ ನೋಡುವಾಗ ಗಡಿಯಾರದ ಮುಳ್ಳು ತಿರುಗುವುದಕ್ಕೆ ಎದುರು ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಮೊದಲು ಕೈಯಿಂದಲೇ ಪ್ರಯತ್ನಿಸಿ, ಆಗದಿದ್ದರೆ ಸ್ಪ್ಯಾನರ್. ಇನ್ನೊಂದು ಕೈಯಲ್ಲಿ ಗೋಡೆಯಿಂದ ಬರುವ ಕೊಳವೆಯನ್ನು ಅಲುಗದಂತೆ ಬಿಗಿಯಾಗಿ ಹಿಡಿದಿರಬೇಕು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಳವೆಯೂ ಜೊತೆಗೆ ತಿರುಗಿದರೆ ಗೋಡೆಯೊಳಗಿನ ಕೂಡುಜಾಗ ಸಡಿಲವಾಗುತ್ತದೆ. ಅಲ್ಲಿಂದ ಸೋರುವ ನೀರು ನಿಮಗೆ ಕಾಣುವುದಿಲ್ಲ. ಮೂರು ತಿಂಗಳ ನಂತರ ಪಕ್ಕದ ಕೋಣೆಯ ಗೋಡೆಯ ಸುಣ್ಣ ಉಬ್ಬಿದಾಗ ಕಾಣುತ್ತದೆ. ಜಗ್ಗದಿದ್ದರೆ ಬಲ ಹಾಕುವ ಬದಲು ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ನಟ್ಟಿನ ಸುತ್ತ ಅರ್ಧ ಗಂಟೆ ಸುತ್ತಿಡಿ. ನಟ್ಟನ್ನು ಹಿಡಿದಿರುವುದೂ ಬಹುತೇಕ ಸುಣ್ಣವೇ.

ಶವರ್ ಕೈಗೆ ಬಂದ ಮೇಲೆ ಬಿಡಿಭಾಗಗಳನ್ನು ಹೊರತೆಗೆಯುವ ಮೊದಲು ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಕುತ್ತಿಗೆಯೊಳಗೆ ಸಾಮಾನ್ಯವಾಗಿ ಒಂದು ರಬ್ಬರ್ ವಾಷರ್, ಅದರ ಜೊತೆ ಟೀ ಸೋಸುವ ಜರಡಿಯ ಮರಿಯಂಥ ಜಾಲರಿ, ಕೆಲವದರಲ್ಲಿ ನೀರು ಮಿತಗೊಳಿಸುವ ಪ್ಲಾಸ್ಟಿಕ್ ಬಿಲ್ಲೆ ಇರುತ್ತವೆ. ಅರ್ಧಕ್ಕರ್ಧ ದೂರುಗಳ ಮೂಲ ಈ ಜಾಲರಿ ಎಂಬುದು ನನ್ನ ಅನುಭವ. ಒಮ್ಮೆ ತಂಗಿಯ ಮನೆಯಲ್ಲಿ ಬರಿಯ ಜಾಲರಿ ಕೊಡವಿ ಹಾಕಿದ್ದಕ್ಕೇ ಶವರ್ ಸರಿಹೋಗಿ, ಭಾವ ನನ್ನನ್ನು ದೊಡ್ಡ ಇಂಜಿನಿಯರ್ ಎಂದು ಹೊಗಳಿದರು. ನಾನು ತಿದ್ದಲಿಲ್ಲ.

ಜಾಲರಿಯನ್ನು ಬ್ರಷ್‌ನಿಂದ ಉಜ್ಜಿ ತೊಳೆದಿಡಿ. ಶವರ್‌ನ ಮುಖವನ್ನು ತಿರುಪಿನಿಂದ ಬಿಗಿದಿದ್ದರೆ ಬಿಚ್ಚಿ. ಅಂಟಿಸಿದ ಮಾದರಿಯಾದರೆ ಮೀಟಲು ಹೋಗಬೇಡಿ. ನೆನೆಸುವ ಮೊದಲು ಶವರನ್ನು ಬೋರಲು ಹಿಡಿದು, ಮುಖದ ಕಡೆಯಿಂದ ಹಿಂದಕ್ಕೆ ನಲ್ಲಿಯ ನೀರನ್ನು ರಭಸವಾಗಿ ಬಿಡಿ, ಅಂಗೈಗೆ ಮೆಲ್ಲಗೆ ಬಡಿಯಿರಿ. ಮರಳು ಮತ್ತು ಬಿಡಿ ಚೂರುಗಳು ಕುತ್ತಿಗೆಯ ದಾರಿಯಾಗಿ ಈಚೆ ಬರುತ್ತವೆ. ಮರಳಿಗೆ ಹುಳಿ ತಾಗುವುದಿಲ್ಲವಾದ್ದರಿಂದ ಇದನ್ನು ಬಿಟ್ಟು ನೇರವಾಗಿ ನೆನೆಹಾಕಿದರೆ ಅರ್ಧ ಕೆಲಸ ಉಳಿದುಬಿಡುತ್ತದೆ.

ಆಮೇಲೆ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆಯಲ್ಲಿ ಹುಳಿನೀರು ಹಾಕಿ ಮುಳುಗಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ. ವಾಷರ್ ಹಾಕಬೇಕಾಗಿಲ್ಲ. ಎಷ್ಟು ಹೊತ್ತು ಎಂಬುದು ಶವರ್‌ನ ಮೈ ಯಾವುದೆಂಬುದರ ಮೇಲಿದೆ. ಲೇಪವಿಲ್ಲದ ಬರಿಯ ಪ್ಲಾಸ್ಟಿಕ್ ಎರಡು ಮೂರು ಗಂಟೆ ತಡೆಯುತ್ತದೆ. ಅಪ್ಪಟ ಸ್ಟೀಲ್ ಕೂಡ ಅಷ್ಟೇ. ಕನ್ನಡಿಯಂತೆ ಹೊಳೆಯುವ ಕ್ರೋಮ್ ಲೇಪದ್ದಕ್ಕೆ ಒಂದು ಗಂಟೆಯ ಒಳಗೆ ನಿಲ್ಲಿಸಿ, ಸಾಲದಿದ್ದರೆ ತೊಳೆದು, ಹೊಸ ಹುಳಿಯಲ್ಲಿ ಇನ್ನೊಮ್ಮೆ ನೆನೆಸಿ. ಈಚೆಗೆ ಜನಪ್ರಿಯವಾಗಿರುವ ಕಪ್ಪು, ಚಿನ್ನ, ಹಿತ್ತಾಳೆ ಬಣ್ಣದವಕ್ಕೆ ಕಾಲು ಗಂಟೆ ಸಾಕು. ತಯಾರಕರು ಹುಳಿ ಮುಟ್ಟಿಸಲೇಬೇಡಿ ಎಂದು ಬರೆದಿದ್ದರೆ ಅವರ ಮಾತು ಕೇಳಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ತೆಗೆಯುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ಕಡಲೆಕಾಳಿಗೆ ಸರಿ, ಕ್ರೋಮಿಗೆ ಅಲ್ಲ.

ನೆನೆಯುವಾಗ ಸಣ್ಣ ಗುಳ್ಳೆಗಳು ಏಳುತ್ತವೆ. ಹುಳಿ ಸುಣ್ಣವನ್ನು ತಿನ್ನುತ್ತಿದೆ ಎಂಬುದಕ್ಕೆ ಅದೇ ಗುರುತು. ಪಾತ್ರೆಯನ್ನು ನಡುನಡುವೆ ಅಲುಗಿಸುತ್ತಿರಿ. ಗುಳ್ಳೆ ನಿಂತ ಮೇಲೂ ಬಿಳಿ ಉಳಿದಿದ್ದರೆ ಹುಳಿ ಮುಗಿದಿದೆ ಎಂದರ್ಥ; ಚೆಲ್ಲಿ ಬೇರೆ ಹಾಕಿ.

ಹೊರತೆಗೆದು ಬ್ರಷ್‌ನಿಂದ ಉಜ್ಜಿ. ಮುಖದಲ್ಲಿ ಮೆತ್ತಗಿನ ರಬ್ಬರ್ ಮೊಲೆತೊಟ್ಟಿನಂಥ ತುದಿಗಳಿದ್ದರೆ ಒಂದೊಂದನ್ನೂ ಹೆಬ್ಬೆರಳಿನಿಂದ ಅತ್ತಿತ್ತ ಹೊಸಕಿದರೆ ಸಾಕು, ಸುಣ್ಣ ತಾನಾಗಿ ಬಿರಿದು ಉದುರುತ್ತದೆ. ಗಟ್ಟಿ ಲೋಹದ ಅಥವಾ ಪ್ಲಾಸ್ಟಿಕ್‌ನ ತೂತುಗಳಿಗೆ ಮರದ ಹಲ್ಲುಕಡ್ಡಿ ಬಳಸಿ. ಇಲ್ಲಿ ನನ್ನ ಎರಡು ತೂತುಗಳ ಕಥೆ ಬರುತ್ತದೆ. ನೆನೆಸುವಷ್ಟು ತಾಳ್ಮೆಯಿಲ್ಲದೆ ಪಿನ್ನು ತೆಗೆದುಕೊಂಡು ಚುಚ್ಚಿದೆ. ಸುಣ್ಣ ಒಳಕ್ಕೆ ಹೋಯಿತು, ಜೊತೆಗೆ ತೂತಿನ ಅಂಚೂ ಹರಿಯಿತು. ಅಂಚು ಹರಿದ ತೂತಿನಿಂದ ನೀರು ಎಂದಿಗೂ ನೆಟ್ಟಗೆ ಬರುವುದಿಲ್ಲ. ನಮ್ಮ ಟವೆಲ್ ಈಗಲೂ ಒದ್ದೆಯಾಗುತ್ತದೆ. ಕಡ್ಡಿಯಿಂದ ಚುಚ್ಚಿದರೂ ಆಮೇಲೆ ಮತ್ತೊಮ್ಮೆ ಬೋರಲು ಹಿಡಿದು ಹಿಂದಕ್ಕೆ ನೀರು ಬಿಡಲೇಬೇಕು. ಇಲ್ಲದಿದ್ದರೆ ಒಳಗೆ ತಳ್ಳಿದ ಚೂರು ಮರುದಿನ ಪಕ್ಕದ ತೂತಿಗೆ ಬಂದು ಕೂರುತ್ತದೆ.

ಮರಳಿ ಕೂರಿಸುವಾಗ

ಮೊದಲು ಶವರ್ ಇಲ್ಲದ ಕೊಳವೆಯಿಂದ ಅರ್ಧ ನಿಮಿಷ ನೀರು ಬಿಡಿ. ಅಲುಗಾಟದಿಂದ ಕಳಚಿದ ತುಕ್ಕು, ಮರಳು ಎಲ್ಲ ಬಕೆಟ್‌ಗೆ ಬೀಳಲಿ. ಕೊಳವೆಯ ಥ್ರೆಡ್‌ಗೆ, ಅಂದರೆ ತಿರುಪಿನ ಗೆರೆಗಳಿಗೆ, ಅಂಟಿರುವ ಹಳೆಯ ಟೇಪನ್ನು, ಹಳೆಯ ಮನೆಯಾದರೆ ಸೆಣಬಿನ ಎಳೆಯನ್ನು, ಪೂರ್ತಿ ಕಿತ್ತು ಒರೆಸಿ. ಕೊಳವೆಯ ಬಾಯಿ ನಿಮ್ಮ ಮುಖಕ್ಕೆ ಎದುರಾಗಿದೆ ಎಂದುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೊಸ ಟೆಫ್ಲಾನ್ ಟೇಪನ್ನು ಎಳೆದು ಎಳೆದು ಐದಾರು ಸುತ್ತು ಸುತ್ತಿ. ಎದುರು ದಿಕ್ಕಿಗೆ ಸುತ್ತಿದರೆ ಶವರ್ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಹೊಸಬರೆಲ್ಲ ಒಮ್ಮೆ ಮಾಡುವ ತಪ್ಪು. ಮನೆಗಳಲ್ಲಿ ಈ ಕೊಳವೆ ಸಾಮಾನ್ಯವಾಗಿ ಅರ್ಧ ಇಂಚಿನದು, ಆದ್ದರಿಂದ ಅಂಗಡಿಯ ಚಿಕ್ಕ ಟೇಪ್ ಸುರುಳಿ ಸಾಕು.

ಜಾಲರಿ, ವಾಷರ್ ಮೊದಲಿದ್ದ ಕ್ರಮದಲ್ಲಿ ಕೂರಿಸಿ, ಶವರನ್ನು ಕೈಯಿಂದ ತಿರುಗಿಸಿ ಬಿಗಿ ಮಾಡಿ, ಕೊನೆಗೆ ಸ್ಪ್ಯಾನರ್‌ನಿಂದ ಕಾಲು ಸುತ್ತು. ಅಷ್ಟೇ. ಪ್ಲಾಸ್ಟಿಕ್ ನಟ್ಟಿಗೆ ಸ್ಪ್ಯಾನರ್ ಮುಟ್ಟಿಸಲೇಬೇಡಿ, ಸೀಳುತ್ತದೆ. ನೀರು ಬಿಟ್ಟು ಕೂಡುಜಾಗದ ಸುತ್ತ ಒಣ ಬೆರಳಾಡಿಸಿ ನೋಡಿ. ಜಿನುಗುತ್ತಿದ್ದರೆ ಇನ್ನಷ್ಟು ಬಿಗಿಯುವ ಬದಲು ಬಿಚ್ಚಿ ಟೇಪ್ ಬದಲಿಸಿ. ಕೆಲಸ ಮುಗಿದ ಮೇಲೆ ಬಕೆಟ್ ಇಟ್ಟು ಮತ್ತೆ ಅಳೆದಾಗ ನಮ್ಮಲ್ಲಿ ನಿಮಿಷಕ್ಕೆ ಎಂಟು ಲೀಟರ್ ಬಂತು.

ಕೈಯಲ್ಲಿ ಹಿಡಿಯುವ ಹ್ಯಾಂಡ್ ಶವರ್‌ನವರು ಅದೃಷ್ಟವಂತರು. ಗೋಡೆಯ ಜಂಜಾಟವಿಲ್ಲ, ಮೆದುಗೊಳವೆಯಿಂದ ತಿರುಗಿಸಿ ತೆಗೆದು ಪಾತ್ರೆಯಲ್ಲಿ ಇಟ್ಟರಾಯಿತು. ಅಲ್ಲಿ ಸೋರಿಕೆ ತಡೆಯುವುದು ಟೇಪ್ ಅಲ್ಲ, ವಾಷರ್. ಮೆದುಗೊಳವೆಯ ಎರಡೂ ತುದಿಯ ವಾಷರ್‌ಗಳು ಗಟ್ಟಿಯಾಗಿದ್ದರೆ ಬದಲಿಸಿ. ಟಾಯ್ಲೆಟ್ ಪಕ್ಕದ ಹೆಲ್ತ್ ಫಾಸೆಟ್‌ಗೂ ಇದೇ ಕ್ರಮ, ಆದರೆ ಅದಕ್ಕೆ ಬೇರೆ ಬ್ರಷ್, ಬೇರೆ ಪಾತ್ರೆ. ಇಷ್ಟು ಹೇಳಿದರೆ ಸಾಕು.

ಆ್ಯಸಿಡ್ ಬಾಟಲಿಯನ್ನು ದೂರವಿಡಿ

ಬಚ್ಚಲುಮನೆಯ ಟೈಲ್ಸ್ ತಿಕ್ಕಲು ಎಂದು ಬೀದಿ ಬದಿಯಲ್ಲಿ, ತಳ್ಳುಗಾಡಿಯಲ್ಲಿ ಸಿಗುವ 'ಆ್ಯಸಿಡ್' ಹೈಡ್ರೋಕ್ಲೋರಿಕ್ ಆಮ್ಲ. ಅದಕ್ಕೆ ಸುಣ್ಣ ಕ್ಷಣದಲ್ಲಿ ಕರಗುತ್ತದೆ, ನಿಜ. ಕ್ರೋಮ್ ಲೇಪ, ಅದರ ಕೆಳಗಿನ ಹಿತ್ತಾಳೆ, ನಿಮ್ಮ ಚರ್ಮ ಮತ್ತು ಶ್ವಾಸನಾಳವನ್ನೂ ಅದು ಬಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ ಇನ್ನೊಂದು ಬಚ್ಚಲುಮನೆಯ ಶವರ್‌ಗೆ ನಾನು ಇದನ್ನು ಹಚ್ಚಿ ನೋಡಿದ್ದೇನೆ. ಹತ್ತು ನಿಮಿಷಕ್ಕೆ ತೂತುಗಳು ಫಳಫಳ. ಹತ್ತು ದಿನಕ್ಕೆ ಕ್ರೋಮ್ ಹಾವಿನ ಪೊರೆಯಂತೆ ಎದ್ದು ಬಂತು.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ವಿನೆಗರ್, ನಿಂಬೆ ಉಪ್ಪು ಅಥವಾ ಯಾವುದೇ ಆಮ್ಲವನ್ನು ಬ್ಲೀಚಿಂಗ್ ಪೌಡರ್ ಇಲ್ಲವೇ ಬ್ಲೀಚ್ ದ್ರಾವಣದ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಚಿಕ್ಕದಾದ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಅಪಾಯ. ಒಂದೇ ದಿನ ನೆಲಕ್ಕೆ ಬ್ಲೀಚಿಂಗ್, ಶವರ್‌ಗೆ ವಿನೆಗರ್ ಎಂದು ಎರಡು ಕೆಲಸ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿರಿ. ಬಾಟಲಿಯ ಮೇಲಿನ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಎಚ್ಚರಿಕೆ ಅವರನ್ನು ತಲುಪಿರುವುದಿಲ್ಲ.

ಮತ್ತೆ ಕಟ್ಟದಂತೆ

ಪೂರ್ತಿ ತಡೆಯಲು ಆಗುವುದಿಲ್ಲ, ನಿಧಾನ ಮಾಡಬಹುದು. ಸ್ನಾನ ಮುಗಿದ ಮೇಲೆ ಶವರ್‌ನ ಮುಖವನ್ನು ಒಮ್ಮೆ ಒಂದು ಬದಿಗೆ ಓರೆ ಮಾಡಿ. ಒಳಗೆ ನಿಂತ ನೀರು ಇಳಿದುಹೋಗುತ್ತದೆ. ಮುಖಕ್ಕೆ ಒಮ್ಮೆ ಬಟ್ಟೆ ಆಡಿಸಿದರೆ ಇನ್ನೂ ಒಳ್ಳೆಯದು. ಮುಚ್ಚಿದ ಮೇಲೆ ಐದು ನಿಮಿಷ ಹನಿ ಬೀಳುವುದು ಈ ಉಳಿದ ನೀರೇ, ಗಾಬರಿ ಬೇಡ. ಗಂಟೆಗಟ್ಟಲೆ ತೊಟ್ಟಿಕ್ಕಿದರೆ ತಪ್ಪು ನಲ್ಲಿಯ ಒಳಗಿನ ವಾಷರ್‌ನದು. ಶವರ್ ಬಿಚ್ಚಿ ಪ್ರಯೋಜನವಿಲ್ಲ.

ಜಾಲರಿಯನ್ನು ತಿಂಗಳಿಗೊಮ್ಮೆ, ಟ್ಯಾಂಕರ್ ನೀರು ತರಿಸುವ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕು. ಸಂಪು ಅಥವಾ ಟ್ಯಾಂಕ್ ತೊಳೆಸಿದ ಮರುದಿನ ಖಂಡಿತ ನೋಡಬೇಕು, ಕದಡಿದ ಮಣ್ಣೆಲ್ಲ ಬಂದು ಅಲ್ಲಿ ಕೂತಿರುತ್ತದೆ. ಹುಳಿಯಲ್ಲಿ ನೆನೆಸುವುದು ಕೊಳವೆಬಾವಿಯ ಮನೆಗೆ ಮೂರು ತಿಂಗಳಿಗೊಮ್ಮೆ, ಪೂರ್ತಿ ಕಾವೇರಿ ನೀರಿನವರಿಗೆ ವರ್ಷಕ್ಕೆ ಒಂದೆರಡು ಸಲ. ಮಲೆನಾಡಿನ ಅಬ್ಬಿ ನೀರಿನವರಿಗೆ ಸುಣ್ಣದ ಚಿಂತೆಯೇ ಇಲ್ಲ. ಅವರ ಜಾಲರಿಯಲ್ಲಿ ಸಿಗುವುದು ಎಲೆಯ ಚೂರು, ಪಾಚಿ.

ಶವರ್‌ಗೆ ಸಿಕ್ಕಿಸುವ ಮುಷ್ಟಿ ಗಾತ್ರದ ಫಿಲ್ಟರ್‌ಗಳ ಬಗ್ಗೆ ಹಲವರು ಕೇಳುತ್ತಾರೆ. ಮರಳು, ಕ್ಲೋರಿನ್ ವಾಸನೆ ಇವಕ್ಕೆ ಅವು ಉಪಯೋಗಕ್ಕೆ ಬಂದಾವು. ಗಡಸು ನೀರನ್ನು ಮೆದು ಮಾಡುತ್ತವೆ ಎಂದರೆ ನಂಬಬೇಡಿ. ಕ್ಯಾಲ್ಸಿಯಂ ಹಿಡಿಯುವುದು ಸಾಫ್ಟ್‌ನರ್‌ನಲ್ಲಿರುವ ವಿಶೇಷ ರಾಳದ ಮಣಿಗಳು. ಒಂದು ಲೀಟರ್ ಮಣಿ ಸುಮಾರು 50 ಗ್ರಾಂ ಸುಣ್ಣಕ್ಕೆ ಸಮನಾದದ್ದನ್ನು ಹಿಡಿದು ದಣಿಯುತ್ತದೆ. ಮತ್ತೆ ಉಪ್ಪುನೀರಿನಿಂದ ತೊಳೆದರೆ ಮಾತ್ರ ಚೇತರಿಸಿಕೊಳ್ಳುತ್ತದೆ. ಮುಷ್ಟಿಯಷ್ಟು ಫಿಲ್ಟರ್‌ನಲ್ಲಿ ಅರ್ಧ ಲೀಟರ್ ಮಣಿ ಇದೆ ಎಂದುಕೊಂಡರೂ, 400ರ ಗಡಸುತನಕ್ಕೆ ಅದು ಮೂರು ಬಕೆಟ್ ನೀರಿನಲ್ಲಿ ಮುಗಿಯಿತು. ಒಂದು ಭಾನುವಾರದ ಎಣ್ಣೆಸ್ನಾನಕ್ಕೂ ಸಾಲದು. ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸುವುದು ಬೇರೆ ಮಾತು. ಅದಕ್ಕೆ ಜಾಗ, ಉಪ್ಪು, ತೊಳೆಯಲು ನೀರು ಎಲ್ಲ ಬೇಕು.

ಊರಿಗೆ ಹೋಗಿ ಬಂದ ದಿನ

ಬೇಸಿಗೆ ರಜೆಗೆ ಎರಡು ವಾರ ಊರಿಗೆ ಹೋಗಿ ಬಂದರೆ ಬಂದವರೇ ಶವರ್ ಕೆಳಗೆ ನಿಲ್ಲಬೇಡಿ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ, 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶದಲ್ಲಿ ಹಬ್ಬಿದ ನ್ಯುಮೋನಿಯಾದಿಂದ ಅದಕ್ಕೆ ಆ ಹೆಸರು. ಅಂಟುವುದು ಸಾಮಾನ್ಯವಾಗಿ ನೀರನ್ನು ಕುಡಿಯುವುದರಿಂದಲ್ಲ, ಅದರ ಸಣ್ಣ ತುಂತುರನ್ನು ಉಸಿರಾಡುವುದರಿಂದ. ಶವರ್‌ನೊಳಗಿನ ಸುಣ್ಣ ಮತ್ತು ಲೋಳೆ ಅದಕ್ಕೆ ಗೂಡು. ಬ್ರಿಟನ್ನಿನಲ್ಲಿ ಕೆಲಸದ ಸ್ಥಳಗಳ ಶವರ್‌ಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ಬಿಚ್ಚಿ ಸುಣ್ಣ ತೆಗೆಯಬೇಕೆಂಬ ಸೂಚನೆ ಇರುವುದು ಇದಕ್ಕಾಗಿಯೇ. ಆರೋಗ್ಯವಂತರು ಭಯಪಡಬೇಕಾಗಿಲ್ಲ. ವಯಸ್ಸಾದವರು, ಶ್ವಾಸಕೋಶದ ತೊಂದರೆಯವರು ಇರುವ ಮನೆಯಲ್ಲಿ ಎಚ್ಚರ ಬೇಕು. ಕಿಟಕಿ ತೆರೆದು, ಶವರ್‌ಗೆ ಒಂದು ಚೀಲ ಸಡಿಲವಾಗಿ ಕಟ್ಟಿ ತುಂತುರು ಹಾರದಂತೆ ಮಾಡಿ, ಮೊದಲು ಬಿಸಿನೀರು, ಆಮೇಲೆ ತಣ್ಣೀರು ಕೆಲವು ನಿಮಿಷ ಬಿಟ್ಟು ಹೊರಗೆ ಬನ್ನಿ. ಆ ನೀರನ್ನು ಬಕೆಟ್‌ನಲ್ಲಿ ಹಿಡಿದರೆ ಟಾಯ್ಲೆಟ್‌ಗೆ ಸುರಿಯಲು ಆಗುತ್ತದೆ.

ಎಷ್ಟು ಮಾಡಿದರೂ ಉಳಿಯದ ಶವರ್‌ಗಳೂ ಇವೆ. ಮೈ ಬಿರುಕು ಬಿಟ್ಟಿದ್ದರೆ, ಥ್ರೆಡ್ ಸವೆದು ಟೇಪ್ ಸುತ್ತಿದರೂ ಸೋರುತ್ತಿದ್ದರೆ, ಕ್ರೋಮ್ ಸುಲಿದು ಅಂಚು ಕೈ ಕೊಯ್ಯುವಂತಿದ್ದರೆ ಬದಲಿಸಿ. ಹೊಸದನ್ನು ಕೊಳ್ಳುವಾಗ ಮೆತ್ತಗಿನ ರಬ್ಬರ್ ತುದಿಗಳಿರುವ, ಮುಖ ಬಿಚ್ಚಲು ಬರುವ ಸಾದಾ ಮಾದರಿಯನ್ನು ಆರಿಸಿ. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಅದರ ಜಾಲರಿಯನ್ನೂ ವಾಷರನ್ನೂ ಬಿಚ್ಚಿ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಭಾನುವಾರ ಸಂಜೆ, ಹಾರ್ಡ್‌ವೇರ್ ಅಂಗಡಿ ಮುಚ್ಚಿರುವಾಗ, ಅವು ಬೇಕಾಗುತ್ತವೆ.